ಭಾವನ ಕಾರೂ ಅಕ್ಕನ ಷರತ್ತೂ

ನಮ್ಮ ಭಾವನ ಮನೆಗೆ ಊಟಕ್ಕೆ ಹೋಗುವವರು ಹೊಟ್ಟೆ ಖಾಲಿ ಇಟ್ಟುಕೊಂಡರೆ ಸಾಲದು, ಕಿವಿಯನ್ನೂ ಚೊಕ್ಕಟ ಮಾಡಿಕೊಂಡು ಹೋಗಬೇಕು! ಏಕೆಂದರೆ ಅಲ್ಲಿ ಅನ್ನ ಸಾರಿಗಿಂತ ಮೊದಲು ನಿಮ್ಮನ್ನು ಒಂದು ಕಾರಿನಲ್ಲಿ ಕೂರಿಸಿ, ಮೆಲ್ಬರ್ನಿನ ಪಾಯಿಂಟ್ ಕುಕ್ ಬಡಾವಣೆಯ ಬೀದಿಗಳನ್ನೆಲ್ಲ ಸುತ್ತಿಸಿ, "ಶಬ್ದ ಎಲ್ಲಿಂದ ಬರ್ತಾ ಉಂಟು, ಹೇಳಿ ನೋಡುವ" ಎಂದು ಪರೀಕ್ಷೆ ಮಾಡಲಾಗುತ್ತದೆ. ಉತ್ತರ ತಿಳಿಯದವರಿಗೆ ಊಟ ತಡ.

ಈ ಕಾರು ಕೊಂಡದ್ದಲ್ಲ, ಕಟ್ಟಿದ್ದು. ಭಾವ ಉಡುಪಿಯವರು, ಮೆಲ್ಬರ್ನಿನ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವುದು ಅವರ ಕೆಲಸ. ದಿನವಿಡೀ ಜನರ ಮೂಳೆ ನೋಡಿ ಬೇಸತ್ತು, ಕಬ್ಬಿಣದ ಮೂಳೆಗಳನ್ನಾದರೂ ಜೋಡಿಸೋಣ ಅನ್ನಿಸಿತೋ ಏನೋ! ಮೇಲೆ ಟಾಪಿಲ್ಲದ, ಪಕ್ಕದಲ್ಲಿ ಬಾಗಿಲಿಲ್ಲದ, ಎರಡೇ ಸೀಟಿನ ಕಾರಿನ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿಕೊಂಡರು. ನನ್ನ ಡೈರಿಯ ಪ್ರಕಾರ ಹನ್ನೊಂದು ಪೆಟ್ಟಿಗೆ, ಅಕ್ಕನ ಪ್ರಕಾರ ನಲವತ್ತು. ಡೈರಿ ಬರೆದವಳು ನಾನೇ ಆದ್ದರಿಂದ ಅದನ್ನು ಎಷ್ಟು ನಂಬಬೇಕೋ ನನಗೂ ತಿಳಿಯದು. ಎಣಿಸಿ ಬರೆದೆನೋ, ಹನ್ನೊಂದು ಎಂಬುದು ಚೆನ್ನಾಗಿ ಕೇಳಿಸಿತೆಂದು ಬರೆದೆನೋ! ಮೂರು ವರ್ಷ ಗ್ಯಾರೇಜು ಭಾವನದಾಯಿತು. ಅಕ್ಕನ ಕಾರು ಬೀದಿಯಲ್ಲಿ ನೆನೆಯಿತು.

ಕೊನೆಗೂ ಕಾರು ಮುಗಿಯಿತು, ತಪಾಸಣೆಯಾಗಿ ನಂಬರ್ ಪ್ಲೇಟೂ ಬಂತು. ಆಗ ಅಕ್ಕ ಷರತ್ತು ಹಾಕಿದಳು: "ನೋಡ್ರೀ, ಹತ್ತು ದಿನ ಒಂದೇ ಸಮ ಏನೂ ಕೆಡದೆ ಓಡ್ಲಿ. ಆಮೇಲೆ ಕೂತ್ಕೋತೀನಿ."

ಭಾವ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ದಿನ ಎಣಿಸತೊಡಗಿದರು. ಏನಾದರೂ ಕೆಟ್ಟರೆ ತಾವೇ ಅಳಿಸಿ ಸೊನ್ನೆ ಬರೆಯುವರು. ಬೇರೆ ಯಾರಿಗೂ ಗೊತ್ತಾಗದ ದೋಷಕ್ಕೂ ಸೊನ್ನೆ. ಇಷ್ಟು ಪ್ರಾಮಾಣಿಕರಾದರೆ ಹತ್ತು ಮುಟ್ಟುವುದು ಹೇಗೆ?

ಮೊದಲ ವಾರ ಕೆಂಪು ದೀಪದ ಮುಂದೆ ನಿಂತಲ್ಲೇ ಸ್ಪೀಡೋಮೀಟರು ಅರವತ್ತು ತೋರಿಸಿತು. ಸೊನ್ನೆ. ಆಮೇಲೆ ಮಳೆ ಬಂದು ಕಾಲಬುಡದಲ್ಲಿ ನೀರು ನಿಂತಿತು. ನೀರು ಹೊರಗೆ ಹೋಗಲೆಂದು ಭಾವ ತಳಕ್ಕೊಂದು ತೂತು ಕೊರೆದರು. ಮರುದಿನ ಆ ತೂತಿನಿಂದ ರಸ್ತೆಯ ನೀರೂ ಒಳಗೆ ಬಂತು!

"ಈಗ ಎರಡು ಕಡೆಯಿಂದ ಬರ್ತಾ ಉಂಟು ಮಾರಾಯ್ತಿ," ಎಂದು ಸಿಡ್ನಿಯಲ್ಲಿರುವ ನನಗೆ ಫೋನು ಮಾಡಿ ಹೇಳಿದರು, ಏನೋ ಸಾಧಿಸಿದವರ ಹಾಗೆ.

ಇವೆಲ್ಲ ಸರಿಹೋದ ಮೇಲೆ ಉಳಿದದ್ದು ಆ ಶಬ್ದ. ಹತ್ತಿರದ ಟಾರ್ನೀಟ್ ಬಡಾವಣೆಯಿಂದ ಬಂದ ಹುಬ್ಬಳ್ಳಿಯ ಗೆಳೆಯರು, "ಹಿಟ್ಟಿನ ಗಿರಣಿ ಹಂಗ ಕೇಳಸ್ತದ್ರೀ" ಎಂದರು. ಅವರ ಮಗಳು, "ನೋ ಅಂಕಲ್, ಇಟ್ಸ್ ಪಾಪ್‌ಕಾರ್ನ್!" ಎಂದಳು. ಒಂದು ಶನಿವಾರ ನಾನು ಸಿಡ್ನಿಯಿಂದ ಹೋದಾಗ ನನ್ನ ಸರದಿ.

"ಉಸಿರು ಕಟ್ಟು. ಅಲುಗಾಡಬೇಡ," ಎಂದರು ಭಾವ, ಆಸ್ಪತ್ರೆಯ ದನಿಯಲ್ಲಿ.

ಕಟ್ಟಿದೆ. ರೋಗಿಗಳಿಗಾದರೆ "ಈಗ ಬಿಡಿ" ಎನ್ನುತ್ತಾರೆ. ನನಗೆ ಹೇಳುವುದನ್ನು ಮರೆತರು! ಎರಡು ರೌಂಡ್‌ಅಬೌಟ್ ದಾಟುವಷ್ಟರಲ್ಲಿ ನನಗೆ ನಕ್ಷತ್ರ ಕಂಡವು. ಆದರೂ "ಮುಂದಿನಿಂದ ಕಿಣಿಕಿಣಿ ಅನ್ನುತ್ತಿದೆ ಭಾವ" ಎಂದೆ. ಅವರು ಮುಂದಿನ ಫಲಕವನ್ನೆಲ್ಲ ಬಿಚ್ಚಿ ಎರಡು ಗಂಟೆ ಹುಡುಕಿದರು. ಆ ಕಿಣಿಕಿಣಿ ನನ್ನ ಕೈಬಳೆಯದು! ನಿಜವಾದ ಶಬ್ದ ಸೀಟಿನಡಿ ಬಿಟ್ಟುಹೋದ ಒಂದು ನಟ್ಟಿನದು. ಅದನ್ನು ಕಂಡುಹಿಡಿದವಳು ನಾನೇ ಎಂದು ನನ್ನ ನೆನಪು. ಭಾವನ ನೆನಪಿನಲ್ಲಿ ಅವರೇ. ಇರಲಿ.

ಅಲ್ಲಿಂದ ಹಾಳೆಯ ಮೇಲೆ ಅಂಕಿ ಏರತೊಡಗಿತು. ಎಂಟಾಯಿತು. ಒಂಬತ್ತಾಯಿತು. ಹತ್ತು! ನಾನು ಮತ್ತೆ ಮೆಲ್ಬರ್ನಿಗೆ ಹಾರಿದೆ.

"ಇದ್ದದ್ದೇ ಎರಡು ಸೀಟು," ಎಂದು ಭಾವ ಸೀಟು ಒರೆಸುತ್ತ ಮೆಲ್ಲಗೆ ಹೇಳಿದರು. "ಊರವರೆಲ್ಲ ಕೂತಾಯ್ತು. ಯಾರಿಗೆ ಅಂತ ಕಟ್ಟಿದ್ದೋ ಅವಳೊಬ್ಬಳು ಕೂರಲಿಲ್ಲ ನೋಡು."

ಅಕ್ಕ ಸೀರೆ ಉಟ್ಟು, ತಲೆಗೆ ಸ್ಕಾರ್ಫ್ ಬಿಗಿದು ಕೂತಳು. ಅಕ್ಕನ ಕಾರಿನಲ್ಲಿ ನಾನು ಹಿಂದೆ ಹೊರಟೆ. ಮೊದಲ ಎಡ ತಿರುವು ಬಂತು. ನೋಡಿದರೆ ಭಾವನ ಕಾರಿನ ಎಡ ಇಂಡಿಕೇಟರು ಮಿನುಗುತ್ತಲೇ ಇಲ್ಲ! ಗೊತ್ತಾದರೆ ಭಾವ ಅಲ್ಲೇ ನಿಲ್ಲಿಸಿ, ಅಕ್ಕನನ್ನು ಇಳಿಸಿ, ಮನೆಗೆ ಹೋಗಿ ಸೊನ್ನೆ ಬರೆಯುವ ಮನುಷ್ಯ. ಹಾರ್ನ್ ಮಾಡಲೇ? ಕೈ ಎತ್ತಿದೆ.

ಅಷ್ಟರಲ್ಲಿ ಅಕ್ಕನ ಎಡಗೈ ಕಾರಿನಿಂದ ಹೊರಗೆ ಚಾಚಿಕೊಂಡಿತು. ನೇರವಾಗಿ, ಗಟ್ಟಿಯಾಗಿ. ಕಾರು ತಿರುಗಿತು, ಕೈ ಒಳಗೆ ಹೋಯಿತು. ಮುಂದಿನ ಎಡ ತಿರುವಿನಲ್ಲೂ ಅದೇ ಕೈ. ಸಮುದ್ರದ ತನಕ ಹೋಗಿ ಮನೆಗೆ ಮರಳುವವರೆಗೂ ಒಂದು ತಿರುವೂ ತಪ್ಪಲಿಲ್ಲ!

ಮನೆ ಮುಂದೆ ಇಳಿದಾಗ ಭಾವನ ಮುಖ ನೋಡಬೇಕಿತ್ತು. "ಕಂಡೆಯಾ ನಿನ್ನ ಅಕ್ಕನನ್ನು? ಮೊದಲಿಂದಲೂ ಹೀಗೇ. ಗಾಡಿ ಹತ್ತಿದರೆ ಸಾಕು, ಮಕ್ಕಳ ಹಾಗೆ ಗಾಳಿಗೆ ಕೈ ಚಾಚುವುದು!"

"ಭಾವ, ಆ ಎಡಗಡೆ..." ಎಂದು ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು.

ಅಡುಗೆಮನೆಯಲ್ಲಿ ಕೇಳಿದೆ, "ನಿಂಗೆ ಗೊತ್ತಿತ್ತೇನೇ?"

"ಮುಂದಿನ ಫಲಕದಲ್ಲಿ ಇಂಡಿಕೇಟರಿನ ಹಸಿರು ದೀಪ ಹತ್ತಲಿಲ್ವಲ್ಲ. ಅವರ ಕಣ್ಣೆಲ್ಲ ರಸ್ತೆ ಮೇಲಿತ್ತು. ನಾಳೆ ಅವರು ಗಾಡಿ ತೆಗೆಯೋಕೆ ಮುಂಚೆ ನಾನೇ ಹೇಳ್ತೀನಿ. ಇವತ್ತೊಂದಿನ ಹತ್ತು ಹಾಗೇ ಇರ್ಲಿ."

ಒಲೆಯ ಮೇಲೆ ಕಾಫಿಗೆ ಹಾಲಿಟ್ಟು, ನನ್ನ ಕಡೆ ನೋಡದೆ ಹೇಳಿದಳು: "ಮದುವೆಯಾದ ಹೊಸದ್ರಲ್ಲಿ ಅವರ ಸ್ಕೂಟರ್ ಇತ್ತಲ್ಲ, ಅದ್ರದ್ದೂ ಎಡಗಡೆ ದೀಪ ಹತ್ತುತಿರ್ಲಿಲ್ಲ ಕಣೆ. ಹಿಂದೆ ಕೂತು ನಾನೇ ಕೈ ತೋರಿಸ್ತಿದ್ದೆ. ಆಗ್ಲೂ ಹೇಳಿರ್ಲಿಲ್ಲ. ಎಷ್ಟು ಖುಷಿಯಾಗಿ ಓಡಿಸ್ತಿದ್ರು ಗೊತ್ತಾ!"