ಎರಡೂವರೆ ತೊಲಿಯ ಗುಂಡು

ಅಫಜಲಪುರ ತಾಲ್ಲೂಕಿನ ಕಾಡುಹಂದಿಗಳು ಎಂದಾದರೂ ಸಭೆ ಸೇರಿ ಯಾರಿಗಾದರೂ ಸನ್ಮಾನ ಮಾಡುವುದಾದರೆ, ಮೊದಲ ಶಾಲು ನಮ್ಮ ಕಾಕಾನಿಗೇ. ಬೆಳೆ ಕಾಯಲೆಂದು ಸರಕಾರದಿಂದ ಲೈಸೆನ್ಸ್ ಪಡೆದ ರೈಫಲ್ ಅವನ ಬಳಿ ಇದೆ. ಅದು ಮನೆಗೆ ಬಂದು ಎಷ್ಟೋ ವರ್ಷವಾದರೂ ಒಂದು ಹಂದಿಯ ಬಾಲಕ್ಕೂ ಪೆಟ್ಟಾಗಿರಲಿಲ್ಲ. ಸದ್ದಿಗೆ ನಿದ್ದೆಗೆಟ್ಟ ಹಂದಿ ಕೂಡ ಇರಲಿಲ್ಲ. ಕಾರಣ ಬಹಳ ಸರಳ. ಆ ರೈಫಲ್ಲಿಗೆ ಹೊಂದುವ ಗುಂಡನ್ನು ಈಗ ಯಾರೂ ತಯಾರಿಸುವುದಿಲ್ಲ.

ಗುಂಡಿಲ್ಲದಿದ್ದರೇನು, ನಿಯಮ ಉಂಟಲ್ಲ! ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಬೇಕು. ಗ್ರಾಮ ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ನಮ್ಮಲ್ಲಿ ಚುನಾವಣೆಗೇನು ಬರವೇ? ಕಾಕಾ ಅದನ್ನು ಹಳೆಯ ಚಾದರದಲ್ಲಿ ಸುತ್ತಿ, ಮಗಳನ್ನು ಗಂಡನ ಮನೆಗೆ ಬಿಟ್ಟುಬರುವ ತಂದೆಯಂತೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದ. ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಹಿಡಿದು ಯೋಗಕ್ಷೇಮ ವಿಚಾರಿಸಲು ಮತ್ತೆ ಹೋಗುತ್ತಿದ್ದ.

"ಕಾಕಾ, ಇದರಾಗ ಗುಂಡೇ ಇಲ್ಲಲ್ರಿ. ಇದನ್ನ ತೋರ್ಸಿ ಯಾರ್ನ ಹೆದರಸ್ತೀರಿ?" ಎಂದು ಪೊಲೀಸನೊಬ್ಬ ಕೇಳಿದ.

"ಗುಂಡ ಇಲ್ಲಂತ ನಿಮಗ ಗೊತ್ತದ, ನನಗ ಗೊತ್ತದ. ಊರಿಗಿ ಗೊತ್ತಿಲ್ಲ. ಸುಮ್ಮ ಬರಕೋರಿ."

ಈ ರೈಫಲ್ ನಮ್ಮ ಮನೆತನದ್ದಲ್ಲ. ನಮ್ಮೂರು ಕರಜಗಿಯ ಆಚೆ. ಅಲ್ಲಿನ ಒಬ್ಬ ಜಮೀನುದಾರರು ಹಿಂದೆ ಶಿಕಾರಿಗೆ ಹೋಗುವಾಗ ಇದನ್ನು ಹೊರುತ್ತಿದ್ದವನು ನಮ್ಮ ಮುತ್ಯಾ, ಅಂದರೆ ನನ್ನ ಅಜ್ಜ, ಕಾಕಾನ ಅಪ್ಪ. ಆ ಕಾಲದಲ್ಲಿ ನಮ್ಮ ಓಣಿಯವರು ಬಂದೂಕು ಹೊರಬಹುದಿತ್ತು, ಒರೆಸಬಹುದಿತ್ತು. ಹಾರಿಸುವಂತಿರಲಿಲ್ಲ. ಜಮೀನುದಾರರ ಮೊಮ್ಮಕ್ಕಳು ಹೊಲ ಮಾರಿ ಊರು ಬಿಡುವಾಗ ಕಾಕಾ ಓಡಾಡಿ, ಅರ್ಜಿ ಹಾಕಿ, ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ಹಂದಿಯ ನೆಪ ಅರ್ಜಿಗೆ ಮಾತ್ರ. ಅವನಿಗಿದ್ದದ್ದು ಒಂದೇ ಆಸೆ: ಮುತ್ಯಾ ಅದನ್ನು ಒಮ್ಮೆ, ಒಂದೇ ಒಂದು ಸಲ, ತನ್ನ ಕೈಯಾರೆ ಹಾರಿಸಬೇಕು. ಮುತ್ಯಾನಿಗೆ ಆಗಲೇ ತೊಂಬತ್ತರ ಆಸುಪಾಸು.

"ಯಪ್ಪಾ, ಗುಂಡ ಹುಡುಕಾಕತ್ತೇನಿ. ಅಲ್ಲೀತನ ಗಟ್ಟಿ ಇರು," ಎಂದು ಕಾಕಾ ದಿನವೂ ಹೇಳುವನು.

"ನಾ ಎಲ್ಲಿ ಹೊಂಟೀನೋ? ನೀನೇ ದಿನಾ ಬಸ್ ಹತ್ತಾಕತ್ತೀದಿ," ಎಂದು ಮುತ್ಯಾ ಎಲೆ ಮೆಲ್ಲುವನು.

ಬಂದೂಕಿನ ಜೊತೆ ಐದು ಹಿತ್ತಾಳೆಯ ಖಾಲಿ ತೋಟಾಗಳು, ಅಂದರೆ ಮದ್ದು ತುಂಬಿ ಗುಂಡು ಕೂರಿಸುವ ಕೊಳವೆಗಳು, ಬಂದಿದ್ದವು. ಸೊಲ್ಲಾಪುರದ ಲೈಸೆನ್ಸುಳ್ಳ ಅಂಗಡಿಯ ಮುದುಕನೊಬ್ಬ, ಸರಿಯಾದ ಗುಂಡು ತಂದರೆ ಮದ್ದು ತುಂಬಿ ಕೊಡುತ್ತೇನೆ ಎಂದಿದ್ದ. ಹುಡುಕುವ ಮೊದಲು ಗುಂಡಿನ ಅಳತೆ ಗೊತ್ತಿರಬೇಕಂತೆ. ಕಾಕಾನ ಬಳಿ ಒಂದು ಹಳೆಯ ಗುಂಡಿತ್ತು. ಅದು ಯಾವ ಕಾಲದಲ್ಲೋ ಬೇವಿನ ಮರಕ್ಕೆ ಬಡಿದು ಮೂತಿ ಜಜ್ಜಿಸಿಕೊಂಡದ್ದು, ಮತ್ತೆ ಹಾರುವ ಯೋಗ್ಯತೆ ಇಲ್ಲದ್ದು. ಅದನ್ನು ಹಿಡಿದು ಅವನು ಹೋದದ್ದಾದರೂ ಯಾರ ಬಳಿ? ಮಾದನಹಿಪ್ಪರಗಾದ ಪತ್ತಾರನ ಬಳಿ! ನಮ್ಮ ಕಡೆ ಬೆಲೆಬಾಳುವ ಯಾವುದೇ ವಸ್ತುವಿನ ಅಳತೆ ಎಂದರೆ ಅಕ್ಕಸಾಲಿಗನ ತಕ್ಕಡಿಯೇ. ಪತ್ತಾರ ಮೂರು ಸಲ ತೂಗಿ ಚೀಟಿ ಬರೆದುಕೊಟ್ಟ. ಕಾಕಾ ಅದನ್ನು ಸೊಲ್ಲಾಪುರಕ್ಕೆ ಒಯ್ದು ಗಂಭೀರವಾಗಿ ಓದಿದ: "ಎರಡೂವರಿ ತೊಲಿ."

ಅಂಗಡಿಯ ಮುದುಕ ಕನ್ನಡಕ ತೆಗೆದಿಟ್ಟ. "ಗುಂಡ ಬೇಕಾದವ್ರು ಅಗಲ ಹೇಳ್ತಾರ್ರಿ. ನೀವು ತೊಲಿ ಹೇಳಾಕತ್ತೀರಿ. ಬಂಗಾರದ ಬೋರಮಾಳ ಸರ ಮಾಡಸೂದದ ಏನು?"

ಅವಮಾನ ಕಾಕಾನಿಗೆ ತಾಗುವುದಿಲ್ಲ. ಮರುದಿನವೇ ಬಡಿಗನ ಕೈಯಲ್ಲಿ, ತೋಟಾದ ಬಾಯಿಗೆ ಸರಿಯಾಗಿ ಕೂರುವಂತೆ, ಜಾಲಿ ಕಟ್ಟಿಗೆಯ ಗುಂಡೊಂದನ್ನು ಮಾಡಿಸಿದ. ಮುಂದೆ ಅದು ಅವನ ಅಂಗಿಯ ಜೇಬು ಬಿಟ್ಟು ಇಳಿಯಲಿಲ್ಲ. ಆಳಂದದ ಬಸ್ ಸ್ಟ್ಯಾಂಡಿನಲ್ಲಿ, ಮದುವೆಯ ಪಂಗತಿಯಲ್ಲಿ, ಎಲ್ಲಿ ಯಾರು ಸಿಕ್ಕರೂ ತೆಗೆದು ತೋರಿಸುತ್ತಿದ್ದ. ಜೇವರ್ಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಯಾವ ಗಾಡಿಯದು ಎಂದು ಕೇಳಿದ.

"ಗಾಡೀದಲ್ಲೋ, ರೈಫಲ್ಲಿಂದು. ನಿಜಾಮನ ಕಾಲದ್ದು."

"ಹಂಗಾದ್ರ ಪಾರ್ಟ್ ಸಿಗಂಗಿಲ್ಲ ಕಾಕಾ. ಸುಮ್ಮ ಹೊಸಾದು ತಗೋರಿ."

ಕೊನೆಗೆ ಗುಂಡು ಸಿಕ್ಕದ್ದು ಕಿಣ್ಣಿ ಸುಲ್ತಾನ ಎಂಬ ಊರಿನ ಕಿರಾಣಿ ಅಂಗಡಿಯಲ್ಲಿ. ನಾನೂ ಜೊತೆಗಿದ್ದೆ ಎಂದು ಕಾಕಾ ಆಣೆ ಮಾಡಿ ಹೇಳುತ್ತಾನೆ. ನಾನಿದ್ದೆನೇ? ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಎಲ್ಲರ ಮಾತಿಗೂ ಪುರಾವೆ ಕೇಳುವುದನ್ನು. ಆ ಚಟ ಬೆಳೆದು ಈಗ ನನ್ನ ನೆನಪಿಗೇ ಪುರಾವೆ ಕೇಳುತ್ತಿದ್ದೇನೆ. ಕಿರಾಣಿ ಅಂಗಡಿಯ ಹಿಂಗಿನ ವಾಸನೆ ಮೂಗಿನಲ್ಲಿದೆ. ಆದರೆ ಹಿಂಗು ನಮ್ಮ ಮನೆಯಲ್ಲೂ ಇತ್ತಲ್ಲ!

ಇರಲಿ. ಕಾಕಿಗೆ ಹಿಂಗು ಬೇಕಿತ್ತು. ಅಂಗಡಿಯವನು ಸಣ್ಣ ತಕ್ಕಡಿ ಎತ್ತಿ, ಒಂದು ಕಡೆ ಹಿಂಗು, ಇನ್ನೊಂದು ಕಡೆ ಕಪ್ಪನೆಯ ಸೀಸದ ತುಂಡೊಂದನ್ನು ಇಟ್ಟ. ಕಾಕಾ ಜೇಬಿನಿಂದ ಕಟ್ಟಿಗೆಯ ಗುಂಡು ತೆಗೆದು ಅದರ ಪಕ್ಕ ಹಿಡಿದ. ಅವಳಿ ಜವಳಿ.

"ಇದನ್ನ ನನಗ ಕೊಡ್ರಿ."

"ಇದು ನಮ್ಮಜ್ಜನ ಕಾಲದ ತೂಕದ ಕಲ್ಲು. ಇದನ್ನ ಒಯ್ದ್ರ ನಾ ಹಿಂಗ್ ಏನಿಟ್ಟು ತೂಗ್ಲಿ? ನಿಮ್ಮ ಬಂದೂಕಾ?"

ಕಾಕಾ ಪತ್ತಾರನ ಬಳಿಗೆ ಓಡಿ, ಅಷ್ಟೇ ತೂಕದ ಹಿತ್ತಾಳೆಯ ತುಂಡು ಮಾಡಿಸಿಕೊಂಡು ಬಂದ. ಅಂಗಡಿಯವನು ತಲೆಯಾಡಿಸಿದ: "ಹೊಸಾ ತೂಕಕ್ಕ ಗಿರಾಕಿ ನಂಬಂಗಿಲ್ರಿ. ಭಾಳ ಹೊಳೀತದ." ಕಾಕಾ ಸೋಲಲಿಲ್ಲ. ಹಿತ್ತಾಳೆಯನ್ನು ಒಂದು ವಾರ ತಿಪ್ಪೆಯಲ್ಲಿ ಹುಗಿದಿಟ್ಟು, ಅದಕ್ಕೆ ಅಜ್ಜನ ಕಾಲದ ಬಣ್ಣ ಬರಿಸಿ, ಕೊಟ್ಟು, ಗುಂಡು ತಂದ.

"ತಿಪ್ಯಾಗ ಹುಗದಿದ್ದು ಹಿಂಗಿನ ಪಕ್ಕಕ್ಕ ಇಟ್ಟೀರಿ. ಇನ್ನ ಆ ಅಂಗಡಿ ಹಿಂಗ್ ನಾ ಮುಟ್ಟಂಗಿಲ್ಲ," ಎಂದಳು ಕಾಕಿ. ಇವತ್ತಿಗೂ ಮುಟ್ಟಿಲ್ಲ.

ಸೊಲ್ಲಾಪುರದ ಮುದುಕ ಮಾತಿನಂತೆ ಒಂದು ತೋಟಾ ತುಂಬಿ ಕೊಟ್ಟ. ಗುಂಡು ಒಂದೇ, ಅವಕಾಶವೂ ಒಂದೇ. ಕಾಕಾ ಮೊದಲೇ ಠಾಣೆಗೆ ತಿಳಿಸಿ, ಒಂದು ಬೆಳಿಗ್ಗೆ ಮುತ್ಯಾನನ್ನು ಕಬ್ಬಿನ ಹೊಲಕ್ಕೆ ಕರೆದುಕೊಂಡು ಹೋದ. ಈ ಸಲ ನಾನು ಖಂಡಿತ ಜೊತೆಗಿದ್ದೆ.

ಬಾರು ಹಾರಿದ್ದು ನಿಜ. ಆ ತೋಟಾವನ್ನು ನಾನೇ ಮೂಸಿ ನೋಡಿದ್ದೇನೆ, ಮದ್ದಿನ ವಾಸನೆ ಇತ್ತು. ಸದ್ದಿಗೆ ಮನೆಯ ತಗಡು ನಡುಗಿತು ಎಂದು ಕಾಕಿ ಹೇಳುತ್ತಾಳೆ. ವಿಚಿತ್ರವೆಂದರೆ ಆ ಸದ್ದು ನನಗೆ ನೆನಪೇ ಇಲ್ಲ. ನೆನಪಿರುವುದು ಅದಕ್ಕಿಂತ ತುಸು ಮುಂಚಿನದು.

ತೋಟಾ ಇನ್ನೂ ಕಾಕಾನ ಜೇಬಿನಲ್ಲಿತ್ತು. ಬರಿ ರೈಫಲ್ಲನ್ನು ಮುತ್ಯಾನ ಕೈಗೆ ಕೊಟ್ಟು, ಕಾಕಾ ಬದುವಿನ ಮೇಲೆ ಉತ್ಸಾಹದಿಂದ ಮುಂದೆ ನಡೆದ. ತುಸು ದೂರ ಹೋಗಿ ತಿರುಗಿ ನೋಡಿದರೆ, ಮುತ್ಯಾ ಬಂದೂಕನ್ನು ಹೆಗಲಿಗೇರಿಸಿ, ಮಗನಿಂದ ಸರಿಯಾಗಿ ಮೂರು ಹೆಜ್ಜೆ ಹಿಂದೆ ಬರುತ್ತಿದ್ದ. ಕಾಕಾ ನಿಂತ. ಮುತ್ಯಾನೂ ನಿಂತ.

"ಮುಂದ ಬಾ ಯಪ್ಪಾ."

"ನೀ ನಡಿ. ಬಂದೂಕ ಹೊತ್ತಾವ ಹಿಂದೇ ಇರ್ಬೇಕು."

ಕಾಕಾ ಬದುವಿನ ಮೇಲೆ ವಾಪಸ್ಸು ಬಂದ, ಅಪ್ಪನನ್ನು ದಾಟಿ ಹೋದ, ಎಣಿಸಿ ಮೂರು ಹೆಜ್ಜೆ ಹಿಂದೆ ಹೋಗಿ ನಿಂತ. ಮುತ್ಯಾ ಹೊರಳಿ ಅವನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬಂದೂಕನ್ನು ಹೆಗಲಿನಿಂದ ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ಮುಂದೆ ನಡೆದ.