ಬಾಳೆಎಲೆಯ ಮೇಲೆ ಎಂಟು ವಾಲ್ವು

ನಮ್ಮ ಸೋದರಮಾವನ ಮನೆಯಲ್ಲಿ ಬಾಳೆಎಲೆ ಹಾಸಿದ್ದನ್ನು ಕಂಡು ಊಟಕ್ಕೆ ಕೂತವನ ಹಲ್ಲು ಉಳಿಯುತ್ತಿರಲಿಲ್ಲ. ಉಪ್ಪಿನ ಜಾಗದಲ್ಲಿ ಸ್ಕ್ರೂ, ಕೋಸಂಬರಿಯ ಜಾಗದಲ್ಲಿ ಸ್ಪ್ರಿಂಗು, ಅನ್ನದ ಜಾಗದಲ್ಲಿ ಪಿಸ್ಟನ್ನು! ಹೊನ್ನಾವರದ ಹೊಳೆಯಲ್ಲಿ ತಾವು ಓಡಿಸುತ್ತಿದ್ದ ಲಾಂಚಿನ ಎಂಜಿನ್ನನ್ನು ಮಾವ ಬಿಚ್ಚಿ ನಡುಮನೆಗೆ ತಂದಿದ್ದರು. ಯುದ್ಧದ ಕಾಲ, ಮುಂಬಯಿಯಿಂದ ಹೊಸ ಭಾಗಗಳು ಬರುವಂತಿರಲಿಲ್ಲ. ಹಳೆಯದನ್ನೇ ತೊಳೆದು, ನೋಡಿ, ಮತ್ತೆ ಕೂಡಿಸಬೇಕು. ಬಿಚ್ಚಿದ ಕ್ರಮ ಮರೆಯಬಾರದೆಂದು ಎಲ್ಲವನ್ನೂ ಎಲೆಯ ಮೇಲೆ ಸಾಲಾಗಿ ಬಡಿಸಿಡುತ್ತಿದ್ದರು.

ತೊಳೆಯುವುದೆಂದರೆ ನೀವು ತಿಳಿದ ಹಾಗಲ್ಲ. ರೇಶನ್ನಿನಲ್ಲಿ ಸಿಕ್ಕ ಸೀಮೆಎಣ್ಣೆಯೆಲ್ಲ ಎಂಜಿನ್ನಿಗೆ, ಮನೆಯ ದೀಪಕ್ಕೆ ಹೊನ್ನೆಎಣ್ಣೆ. ಒಂದು ಸ್ಪ್ರಿಂಗನ್ನು ಮೂರು ಸಲ ಅದ್ದಿ, ಕೋಳಿಗರಿಯಿಂದ ಉಜ್ಜಿ, ಬಿಸಿಲಿಗೆ ಹಿಡಿದು, ಉಗುರಿನಿಂದ ಸವರಿ, ಕಿವಿಯ ಹತ್ತಿರ ತಟ್ಟಿ ಕೇಳುತ್ತಿದ್ದರು. ಹೆಣ್ಣು ನೋಡಲು ಹೋದವರು ಇಷ್ಟು ನೋಡುತ್ತಾರೆಯೇ? ಅತ್ತೆಯನ್ನು ನೋಡಲು ಹೋದ ದಿನ ಇವರು ತಲೆಯೆತ್ತಿರಲೇ ಇಲ್ಲವಂತೆ.

ಅದ್ದಲು ಅತ್ತೆಯ ಗಂಜಿಯ ತಪ್ಪಲೆಯನ್ನೇ ತೆಗೆದುಕೊಂಡರು. ಮೂರು ದಿನ ಗಂಜಿಗೆ ಸೀಮೆಎಣ್ಣೆಯ ವಾಸನೆ. ನಾಲ್ಕನೆಯ ದಿನ ಅತ್ತೆ ಕುಮಟೆಯ ತವರಿಗೆ ಗಂಟು ಕಟ್ಟಿದರು.

"ಇದು ಮನೆಯಿಂದ ಹೊರಗೆ ಹೋಗೂ ದಿನ ಹೇಳಿ ಕಳ್ಸಿ. ಬತ್ತೆ."

"ಎಂಟು ದಿನ ಸಾಕು."

"ಎಂಟು ದಿನಕ್ಕೆ ನಿಮ್ಮ ಒಂದು ಸ್ಪ್ರಿಂಗು ತೊಳ್ದು ಮುಗಿತದಾ?"

ಎರಡು ತಿಂಗಳಾಯಿತು. ಧಾರವಾಡದ ಕಾಲೇಜಿಗೆ ರಜೆ ಬಿದ್ದಾಗ ಅಮ್ಮ ನನ್ನನ್ನು ಅಲ್ಲಿಗೆ ಕಳಿಸಿದಳು. ನಾನು ಒಳಗೆ ಬಂದಾಗ ಮಾವ ಒಂದು ಬೋಲ್ಟಿಗೆ ಊರಿನ ಸುದ್ದಿ ಹೇಳುತ್ತಿದ್ದರು. ಹೇಳುತ್ತಿದ್ದರೇ, ಅಥವಾ ಆ ಬಿಕೋ ಎನ್ನುವ ಮನೆಗೆ ನಾನೇ ಆಮೇಲೆ ಸೇರಿಸಿಕೊಂಡದ್ದೇ? ತರ್ಕಶಾಸ್ತ್ರ ಓದಿ ಆದ ಲಾಭ ಇಷ್ಟೇ, ನನ್ನ ನೆನಪನ್ನು ನಾನೇ ನಂಬುವುದಿಲ್ಲ.

"ಮಾವ, ಆತಾ?"

"ಇಲ್ಲೊಂದು ಗೀರು ಕಾಣ್ತದ್ಯಾ ನೋಡು, ತಮಾ."

"ಕಾಣೂದಿಲ್ಲ."

"ಕಾಲೇಜಿನ ಕಣ್ಣು. ಹೊಳೆ ನಡುವೆ ಎಂಜಿನ್ನು ನಿಂತ್ರೆ ಕಾಣ್ತದೆ."

ಕೊನೆಗೆ ಉಳಿದದ್ದು ಎಂಟು ವಾಲ್ವು. ಉದ್ದ ಕಾಲಿನ ಅಣಬೆಗಳಂಥವು. ಎಂಟೂ ಒಂದೇ ರೂಪ. ಆದರೆ ಒಂದೊಂದನ್ನೂ ಅದರದರ ಕುಳಿಯಲ್ಲಿ ಅರೆದು ಕೂರಿಸಿದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ತೊಳೆದು ಎಲೆಯ ಮೇಲೆ ಸಾಲಾಗಿ ಒಣಗಲಿಟ್ಟರು. ಎಂಜಿನ್ನಿನ ಮುಖ ಬಲಕ್ಕೆ, ಆದ್ದರಿಂದ ಎಲೆಯ ಕುಡಿಯೂ ಬಲಕ್ಕೆ, ಬಲತುದಿಯ ವಾಲ್ವು ಒಂದನೆಯದು. ಕುಮಟೆಗೆ ಹೇಳಿ ಕಳಿಸಿದರು. "ನಾಳೆ ಬತ್ತೆ" ಎಂದು ಉತ್ತರ ಬಂತು. ಮಾವ ತಕ್ಷಣ ಕ್ಷೌರಕ್ಕೆ ಹೋದರು.

ನಾನೊಬ್ಬನೇ ಎಲೆಯ ಮುಂದೆ ಕೂತೆ. ಶ್ರಾದ್ಧವನ್ನೂ ಮಡಿಯನ್ನೂ ಗೇಲಿ ಮಾಡುತ್ತಿದ್ದ ವಿಚಾರವಾದಿ! ಆದರೆ ಕುಡಿ ಬಲಕ್ಕಿರುವ ಎಲೆಯ ಮುಂದೆ ಹುಟ್ಟಿದಂದಿನಿಂದ ಕೂತವನಲ್ಲ. ಉಣ್ಣುವವನ ಎಡಕ್ಕೆ ಕುಡಿ ಇರಬೇಕೆಂಬುದು ನನ್ನ ತಲೆಗಲ್ಲ, ಕೈಗೆ ಗೊತ್ತಿತ್ತು. ಕೈ ಎಲೆಯನ್ನು ಮೆಲ್ಲನೆ ಸರಿಸಿ, ತಿರುಗಿಸಿ, ಸರಿಮಾಡಿತು. ಒಂದನೆಯದು ಎಂಟನೆಯದಾಯಿತು. ಮಾವ ಬಂದವರೇ ಬಲದಿಂದ ಒಂದೊಂದನ್ನೇ ತೆಗೆದು ಕೂರಿಸಿದರು, ರಾತ್ರಿಯೇ ಎಂಜಿನ್ನು ಲಾಂಚು ಸೇರಿತು.

ಮರುದಿನ ಲಾಂಚು ನಿಲ್ಲುವ ಧಕ್ಕೆಯಲ್ಲಿ ಅತ್ತೆ ಗಂಟು ಹಿಡಿದು ನಿಂತಿದ್ದರು. ನುಣ್ಣನೆಯ ಗಲ್ಲದ ಮಾವ ಹ್ಯಾಂಡಲ್ ತಿರುವಿದರು. ಎಂಜಿನ್ನು ನಾಲ್ಕು ಸಲ ಕೆಮ್ಮಿ ಸುಮ್ಮನಾಯಿತು. ತಿರುವಿದರು, ಮತ್ತೆ ತಿರುವಿದರು.

"ಮತ್ತೆ ಮನೆಗೆ ಬತ್ತದಾ ಇದು?" ಅತ್ತೆ ಕೇಳಿದರು.

ಮಾವ ಎಂಜಿನ್ನಿನ ಬೋಲ್ಟು ಸಡಿಲಿಸತೊಡಗಿದರು. ಅತ್ತೆ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದರು.

ಸಂಜೆ ನಡುಮನೆಯಲ್ಲಿ ಮತ್ತೆ ಎಲೆ. ಮಾವ ಒಂದೊಂದೇ ವಾಲ್ವು ಬಿಚ್ಚಿ ನೋಡಿದರು, ಸಾಲು ತಿರುಗುಮುರುಗಾದದ್ದು ತಿಳಿಯಿತು. ನನಗೆ ತಡೆಯಲಾಗಲಿಲ್ಲ.

"ಎಲೆ ತಿರುಗಿಸಿದ್ದು ನಾನು, ಮಾವ."

ಇದನ್ನು ನಿಜವಾಗಿ ಬಾಯಿಬಿಟ್ಟು ಹೇಳಿದೆನೇ? ಹೇಳಿರಬೇಕು. ಯಾಕೆಂದರೆ ಅವರು ಅಂದದ್ದರ ಬಗ್ಗೆ ನನಗೆ ಸಂಶಯವೇ ಇಲ್ಲ.

"ಎಲೆ ತಿರ್ಗಿದ್ರೆ ಎಂತಾತು, ತಮಾ? ಕೂಡ್ಸೂ ಮುಂಚೆ ಒಂದೊಂದೂ ನೋಡೂಕಿತ್ತು. ನೋಡ್ಲಿಲ್ಲ. ನನ್ನ ಜನ್ಮದಲ್ಲಿ ನೋಡ್ದೆ ಕೂಡ್ಸಿದ್ದು ಇದೊಂದೇ ಸಲ."

"ಎಂತಕ್ಕೆ?"

"ಅವಳು ಬತ್ತೆ ಅಂದಿದ್ಲಲ್ಲ."

ಕೈಯಲ್ಲಿದ್ದ ವಾಲ್ವನ್ನು ಎಲೆಯ ಮೇಲಿಟ್ಟರು. ಆಮೇಲೆ, ನಾಳೆ ಬೆಳಿಗ್ಗೆ ಕುಮಟೆಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಕೈ ತೊಳೆಯಲು ಎದ್ದರು.