ಕೆಂದನ ನಿದ್ದೆ ಮರಳಿ ಕೊಡಿಸುವ ಬಗ್ಗೆ

ಮುಕ್ಕಾಂ ಜಕ್ಕಲಿ
ನಳ ನಾಮ ಸಂವತ್ಸರ, ವೈಶಾಖ ಮಾಸ, ಸನ್ ೧೮೫೬

ಇಂದ,
ಪ್ರಭುಲಿಂಗಪ್ಪ, ಹೊಲಮನೆಯುಳ್ಳವನು, ಸದ್ಯ ಒಂಟಿ.

ಗೆ,
ಮಾನ್ಯ ಸಾಹೇಬರು, ಜಾನುವಾರು ನಿದ್ರಾ ಖಾತೆ.
(ಇಂಥ ಖಾತೆ ಇನ್ನೂ ಇಲ್ಲದಿದ್ದರೆ ಮೊದಲು ಅದನ್ನು ತೆರೆದು, ಆಮೇಲೆ ಈ ಅರ್ಜಿ ಓದುವುದು.)

ವಿಷಯ: ಸಪ್ಪಳ ನಿಲ್ಲಿಸಿದ್ದರಿಂದ ಎತ್ತಿನ ನಿದ್ದೆ ಕೆಟ್ಟಿದ್ದು ಹಾಗೂ ಹೆಂಡತಿ ತವರಿಗೆ ಹೋಗಿದ್ದು.

ಉಲ್ಲೇಖ: ಹೆಂಡತಿ ಸಿದ್ದಲಿಂಗವ್ವ ಹೊಸ್ತಿಲ ಮೇಲೆ ನಿಂತು ಕೊಟ್ಟ ಬಾಯಿಮಾತಿನ ಹುಕುಂ.

ಮಾನ್ಯರೇ,

೧. ನನ್ನ ಮದುವೆಯಲ್ಲಿ ಗಜೇಂದ್ರಗಡದ ಮಾವ ಗುರುಸಂಗಪ್ಪನವರು ಮಗಳ ಜೊತೆ ಕೆಂದ ಎಂಬ ಎತ್ತನ್ನು ಬಳುವಳಿ ಕೊಟ್ಟರು. ಊರೆಲ್ಲ ನಸುಕಿನಲ್ಲಿ ಜೋಳ ಬೀಸಿದರೆ ಆ ಮನೆಯವರು ಮಟಮಟ ಮಧ್ಯಾಹ್ನ, ಎತ್ತು ಹೊಲದಿಂದ ಬಂದು ಮಲಗಿದಾಗ, ಅದರ ಪಕ್ಕದಲ್ಲೇ ಕೂತು ಹಾಡಿಕೊಂಡು ಬೀಸುತ್ತಾರೆ. ಹೆಂಡತಿ ಆ ಪದ್ಧತಿಯನ್ನೂ ನಮ್ಮ ಮನೆಗೆ ಹೊತ್ತು ತಂದಳು.

೨. ಎತ್ತಿನ ನಿದ್ದೆಗೆ ಮೂರು ಮೆಟ್ಟಿಲು. ಮೊದಲನೆಯದರಲ್ಲಿ ಮೆಲುಕು ಹಾಕುತ್ತದೆ. ಎರಡನೆಯದರಲ್ಲಿ ಮೆಲುಕು ನಿಂತು ಕಣ್ಣು ಅರೆಮುಚ್ಚುತ್ತದೆ. ಮೂರನೆಯದರಲ್ಲಿ ಕೊರಳು ಮಡಚಿ, ಮೂತಿಯನ್ನು ಪಕ್ಕೆಗೆ ಇಟ್ಟು, ಕನಸಿನಲ್ಲೇ ಕಾಲು ಝಾಡಿಸುತ್ತದೆ. ಇಷ್ಟು ತಿಳಿದ ನನಗೆ ಉಳಿದದ್ದೂ ತಿಳಿದಿದೆ ಎಂದುಕೊಂಡೆ.

೩. ಸಪ್ಪಳದಿಂದ ನಿದ್ದೆ ಕೆಡುವುದೆಂದು ನಾನೇ ತೀರ್ಮಾನಿಸಿದ ಕಾರಣ ಬೀಸುವುದನ್ನು ನಿಲ್ಲಿಸಿದೆ. ಆದ್ದರಿಂದ ಹಾಡೂ ನಿಂತಿತು. ಕೊರಳಗಂಟೆಗೆ ಅರಿವೆ ತುರುಕಿದೆ. ಆದರೂ ಕೆಂದ ಎರಡನೇ ಮೆಟ್ಟಿಲು ದಾಟಲಿಲ್ಲ; ಎಲೆ ಬಿದ್ದರೂ ಎದ್ದು ನಿಲ್ಲುತ್ತಿತ್ತು. ಆ ಕಾರಣ, ನಡೆದರೆ ಸಪ್ಪಳವಾಗುವ ಕಾಲುಂಗುರವನ್ನೂ ಬಿಚ್ಚಿಡಲು ಹೆಂಡತಿಗೆ ಹೇಳಿದೆ. ಮುತ್ತೈದೆಗೆ ಈ ಮಾತು ಹೇಳಬಾರದೆಂಬುದು ಹೇಳಿದ ಮೇಲೆ ಹೊಳೆಯಿತು.

"ಏನಂದ್ರಿ? ಗಂಡ ಕಲ್ಲುಗುಂಡಿನಂಗ ಮುಂದ ನಿಂತಾನ, ನಾ ಕಾಲುಂಗುರ ಬಿಚ್ಚಬೇಕ? ಎತ್ತ ನಮ್ಮಪ್ಪ ಕೊಟ್ಟದ್ದು, ಕಾಲುಂಗುರ ನೀವು ಹಾಕಿದ್ದು. ಎರಡೂ ನನ್ನ ಸಂಗಾಟ ಬರ್ತಾವ. ನೀವು ಗಪ್ಪನ ಕುಂದರ್ರಿ!" ಎಂದು ಎತ್ತು ಹೊಡೆದುಕೊಂಡು ಹೋದಳು.

೪. ಮುಂಗಾರಿ ಬಿತ್ತನೆ ಹತ್ತಿರ ಬಂದಿದೆ, ಜೋಡಿಗೆ ಎತ್ತಿಲ್ಲ. ಆದ್ದರಿಂದ ಎತ್ತಿನ ನೆಪದಲ್ಲಿ ಗಜೇಂದ್ರಗಡಕ್ಕೆ ಹೋದೆ. ಮಧ್ಯಾಹ್ನ, ಬೀಸುವ ಕಲ್ಲು ಗರಗರ, ಮೇಲೆ ಹಾಡು. ಕೆಂದ ಮೂರನೇ ಮೆಟ್ಟಿಲಲ್ಲಿ ಕಾಲು ಝಾಡಿಸುತ್ತಿತ್ತು. ನಾನು "ಶರಣರಿ" ಎಂದೆ ಅಷ್ಟೇ.

"ಸಾವಕಾಶ ಮಾತಾಡ್ರಿ ಅಳಿಯಂದಿರ, ಎತ್ತ ಮಲಗೈತಿ" ಎಂದರು ಮಾವ. ಅಷ್ಟು ಗದ್ದಲದಲ್ಲಿ ನನ್ನ ಶರಣೊಂದೇ ಅವರಿಗೆ ಜಾಸ್ತಿಯಾಯಿತು.

ನನ್ನನ್ನು ಕಂಡು, ಬೀಸುತ್ತಿದ್ದ ಹೆಂಡತಿಯ ಕೈ ನಿಂತಿತು. ಕಲ್ಲು ನಿಂತಿದ್ದೇ ತಡ, ಕೆಂದ ಕಣ್ಣು ಬಿಟ್ಟಿತು.

"ನೋಡಿದ್ರಿಲ್ಲ? ಎತ್ತ ಬೇಕಾದ್ರ ಕರಕೊಂಡ ಹೋಗ್ರಿ. ಬೀಸೋ ಆಕೀನ್ನ ಎಲ್ಲಿಂದ ತರ್ತೀರಿ?" ಎಂದಳು.

"ನೀನೇ ಬಾ" ಎನ್ನಲು ಬಾಯಿ ಬರಲಿಲ್ಲ. "ವಿಚಾರ ಮಾಡಿ ತಿಳಿಸುತ್ತೇನೆ" ಎಂದು ಬರಿಗೈಲಿ ಬಂದೆ. ಥೂ ನನ್ನ!

೫. ಈಗ ಮನೆಯಲ್ಲಿ ಹುಲ್ಲುಕಡ್ಡಿಯ ಸಪ್ಪಳವೂ ಇಲ್ಲ. ಅಡ್ಡಾದರೆ ನಾನೂ ಎರಡನೇ ಮೆಟ್ಟಿಲಲ್ಲೇ ನಿಲ್ಲುತ್ತೇನೆ. ಎಲೆ ಬಿದ್ದರೆ ಕಾಲುಂಗುರವೆಂದು ಎದ್ದು ಕೂಡುತ್ತೇನೆ. ಭಾಳ ತ್ರಾಸಾಗಿದೆ.

ಆದ್ದರಿಂದ, ಕಾಲುಂಗುರದ ಮಾತು ಹಿಂದಕ್ಕೆ ಪಡೆದಿದ್ದೇನೆಂದೂ, ಕಲ್ಲಿಗೆ, ಹಾಡಿಗೆ ಇನ್ನು ಅಡ್ಡಿಯಿಲ್ಲವೆಂದೂ ಖಾತೆಯ ಮುಖಾಂತರ ಆಕೆಗೆ ತಿಳಿಸಬೇಕು. ನಾನೇ ಹೇಳಿದರೆ ನಗುತ್ತಾಳೆ. ಎತ್ತಿನ ಜೊತೆ ಬಂದರೆ ಸಂತೋಷ. ಎತ್ತು ಬಿಟ್ಟು ಒಬ್ಬಳೇ ಬಂದರೂ ಅಭ್ಯಂತರವಿಲ್ಲ.

ಆಕಳಿಸುತ್ತಿರುವ ತಮ್ಮ ವಿಶ್ವಾಸಿ,
ಪ್ರಭುಲಿಂಗಪ್ಪ

ಲಗತ್ತು: ಗಂಟೆಯೊಳಗಿನ ಅರಿವೆ ಒಂದು (ಹೋಗುವಾಗ ಆಕೆ ಕಿತ್ತು ನನ್ನ ಮುಂದೆ ಒಗೆದದ್ದು).

ವಿ.ಸೂ.: ಖಾತೆ ಜಾನುವಾರುಗಳಿಗೆ ಮಾತ್ರವೆಂದು ಅರ್ಜಿ ತಿರಸ್ಕರಿಸಬಾರದು. ಅರ್ಜಿದಾರನ ಹೆಸರನ್ನೂ ಜಾನುವಾರುಗಳ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಇದಕ್ಕೆ ಹೆಂಡತಿಯ ಆಕ್ಷೇಪಣೆ ಇರಲಾರದು.